ಹಮಾಲನ ಕೆಲಸ ಸೊನ್ನೆ

ಬ್ಯಾಡಗಿಯ ಒಂದು ಮಾಳಿಗೆ ಮೇಲಿನ ಖೋಲಿಯಲ್ಲಿ ಒಂದು ಚಳಿಗಾಲ ನಾನು ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳಿದೆ. ಫೆಲೋಶಿಪ್ ಹಣ ಆರು ತಿಂಗಳಿಂದ ಬಂದಿರಲಿಲ್ಲ. ಕನ್ನಡ ಸಾಹಿತ್ಯದ ಸಂಶೋಧನೆಗೆ ಟ್ಯೂಷನ್ ಗಿರಾಕಿ ಇಲ್ಲ, ನನ್ನ ಹಳೆಯ ಬಿ.ಎಸ್ಸಿ.ಗೆ ಇತ್ತು. ಅವತ್ತಿನ ಪಾಠ 'ಕೆಲಸ ಮತ್ತು ಶಕ್ತಿ'. ಬಲ ಒಂದು ದಿಕ್ಕಿಗೆ, ಸ್ಥಾನಪಲ್ಲಟ ಅದಕ್ಕೆ ಲಂಬವಾದ ದಿಕ್ಕಿಗೆ ಇದ್ದರೆ ನಡೆದ ಕೆಲಸ ಸೊನ್ನೆ. ಉದಾಹರಣೆಗೆ ತಲೆಯ ಮೇಲೆ ಹೊರೆ ಹೊತ್ತು ಸಮತಟ್ಟಾದ ನೆಲದಲ್ಲಿ ನಡೆಯುವ ಹಮಾಲ. ಹೊರೆಯನ್ನು ಮೇಲಕ್ಕೆ ಆನಿಸಿದ್ದಾನೆ, ನಡೆಯುತ್ತಿರುವುದು ಮುಂದಕ್ಕೆ. ಆದ್ದರಿಂದ ಅವನು ಹೊರೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಹಿಂದೆ ಕೂತಿದ್ದ ಒಬ್ಬ ಹುಡುಗ ಕೇಳಿದ: "ನಮ್ಮಪ್ಪ ಮುಂಜಾನಿಂದ ಸಂಜೀತನಕ ಎಪಿಎಂಸಿಯಾಗ ಚೀಲ ಹೊರ್ತಾನ್ರೀ ಸರ. ಹಂಗಾರ ಅಂವ ಕೆಲಸಾನ ಮಾಡಿಲ್ಲೇನ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ವಿಜ್ಞಾನದ ಕೆಲಸ ಬೇರೆ, ನಿಮ್ಮಪ್ಪನ ಕೆಲಸ ಬೇರೆ. ಪರೀಕ್ಷೆಯಲ್ಲಿ ಸೊನ್ನೆ ಅಂತಲೇ ಬರಿ" ಎಂದೆ. ಈ ಬರಹದ ಜಗಳ ಇರುವುದು ನನ್ನ ಆ ಉತ್ತರದ ಜೊತೆಗೆ.

ಅಂದು ನಾನು ಹೇಳಬೇಕಾಗಿದ್ದ ಉತ್ತರ ಹೀಗಿತ್ತು. ಚೀಲ 40 ಕೆ.ಜಿ. ಎಂದಿಟ್ಟುಕೊಳ್ಳೋಣ. ನೆಲದಿಂದ ಒಂದೂವರೆ ಮೀಟರ್ ಎತ್ತಿ ಹೆಗಲಿಗೇರಿಸಿದರೆ 40, 10, 1.5 ಗುಣಿಸಿ 600 ಜೂಲ್ ಕೆಲಸ. ದಿನಕ್ಕೆ ನೂರು ಚೀಲ ಎತ್ತಿದರೆ 60,000 ಜೂಲ್, ಅಂದರೆ ಸುಮಾರು 14 ಕಿಲೋಕ್ಯಾಲರಿ. ಐವತ್ತು ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕಿಲೋಕ್ಯಾಲರಿ ಇರುತ್ತದೆ. ಪುಸ್ತಕದ ಲೆಕ್ಕದಲ್ಲಿ ನೂರು ಚೀಲ ಎತ್ತಿದ್ದಕ್ಕೆ ರೊಟ್ಟಿಯ ಹನ್ನೆರಡನೇ ಒಂದು ಪಾಲು ಸಾಕು, ಒಂದು ತುತ್ತು. ಹಾಗಾದರೆ ಆ ಮನುಷ್ಯನಿಗೆ ಹೊತ್ತಿಗೆ ನಾಲ್ಕು ರೊಟ್ಟಿ ಯಾಕೆ ಬೇಕು? ಇಲ್ಲಿಂದ ಪಾಠ ಶುರುವಾಗಬೇಕಿತ್ತು. ಸ್ನಾಯು ಕಬ್ಬಿಣದ ಕಂಬದ ಹಾಗಲ್ಲ. ಕಂಬದ ಮೇಲೆ ಚೀಲ ಇಟ್ಟರೆ ಕಂಬಕ್ಕೆ ಹಸಿವಾಗುವುದಿಲ್ಲ. ಹೊರೆ ಅಲುಗಾಡದೆ ನಿಂತಿದ್ದರೂ ಸ್ನಾಯುವಿನ ಎಳೆಗಳು ಕ್ಷಣಕ್ಷಣಕ್ಕೂ ಬಿಗಿಯುತ್ತ ಸಡಿಲಾಗುತ್ತ ಇರುತ್ತವೆ, ಅದಕ್ಕೆ ಆಹಾರದ ಶಕ್ತಿ ಸುಡುತ್ತಲೇ ಇರುತ್ತದೆ. ಚೆನ್ನಾಗಿ ದುಡಿಯುವ ಸ್ನಾಯು ಕೂಡ ಸುಟ್ಟ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಎತ್ತುವುದಕ್ಕೋ ತಳ್ಳುವುದಕ್ಕೋ ಬಳಸಬಲ್ಲದು, ಉಳಿದದ್ದು ಶಾಖ. ಆ ಶಾಖವನ್ನು ಹೊರಹಾಕಲು ಬೆವರು, ಬೆವರು ಆರುವಾಗ ಮೈ ತಂಪು. ನಡೆಯುವಾಗ ಪ್ರತಿ ಹೆಜ್ಜೆಗೂ ತನ್ನ ಮೈಯನ್ನೂ ಚೀಲವನ್ನೂ ಒಂಚೂರು ಎತ್ತಿ ಇಳಿಸುತ್ತಾನೆ, ಅದು ಬೇರೆ. ಭೌತಶಾಸ್ತ್ರದ 'ಕೆಲಸ' ಚೀಲಕ್ಕೆ ಏನಾಯಿತು ಎಂದು ಕೇಳುತ್ತದೆ, ಚೀಲ ಹೊತ್ತವನಿಗೆ ಏನಾಯಿತು ಎಂದಲ್ಲ. ಅದನ್ನು ಕೇಳುವುದು ಜೀವಶಾಸ್ತ್ರ. ಒಂದೇ ಪ್ರಶ್ನೆಯಲ್ಲಿ ಭೌತ, ರಸಾಯನ, ಜೀವ ಮೂರೂ ಇದ್ದವು. ನಾನು 'ಸೊನ್ನೆ ಅಂತ ಬರಿ' ಎಂದೆ.

ನಾನೊಬ್ಬನೇ ಹೀಗೆ ಎಂದು ತಪ್ಪೊಪ್ಪಿಕೊಂಡು ಪುಣ್ಯ ಕಟ್ಟಿಕೊಳ್ಳುವ ಉದ್ದೇಶವಿಲ್ಲ. ಇಡೀ ವ್ಯವಸ್ಥೆ ಹೀಗೇ ಉತ್ತರಿಸುತ್ತದೆ. ಹತ್ತನೇ ತರಗತಿಯ ಮನೆಗಳಿಗೆ 'ಪಾಸಿಂಗ್ ಪ್ಯಾಕೇಜ್' ಎಂಬ ಮಾತಿನ ಪರಿಚಯ ಹೇಳಬೇಕಾಗಿಲ್ಲ. ಹಿಂದುಳಿದ ಮಕ್ಕಳಿಗೆಂದು ಆಯ್ದುಕೊಟ್ಟ ಕೆಲವು ಹಾಳೆ. ಕಣ್ಣಿನ ಚಿತ್ರ, ಹೃದಯದ ಚಿತ್ರ, ಹೂವಿನ ನೀಳಛೇದದ ಚಿತ್ರ, ಹತ್ತಿಪ್ಪತ್ತು ವ್ಯಾಖ್ಯೆ, ನಾಲ್ಕು ವ್ಯತ್ಯಾಸ. ಇಷ್ಟನ್ನು ತಿದ್ದಿದರೆ ದಾಟುತ್ತೀಯ. ಈ ಹಾಳೆಗಳ ಹಿಂದೆ ಕರುಣೆಯಿದೆ ಎಂದು ನನಗೆ ಗೊತ್ತು. ಶಿಕ್ಷಕರ ಮೇಲೆ ಫಲಿತಾಂಶದ ಒತ್ತಡ ಎಷ್ಟಿರುತ್ತದೆ ಎಂಬುದೂ ಗೊತ್ತು. ಆದರೆ ಪ್ಯಾಕೇಜು ಹಿಂದುಳಿದವರಿಗೆ ಮಾತ್ರ ಉಳಿದಿಲ್ಲ. ತೊಂಬತ್ತು ತೆಗೆಯುವ ಮಗುವೂ ಅದನ್ನೇ ದಪ್ಪ ಮಾಡಿ ಓದುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಮಕ್ಕಳು ನಕಲು ಮಾಡುತ್ತಿದ್ದರು ಎಂದು ಎಲ್ಲರೂ ಬೈದರು. ನಕಲು ಮಾಡಲು ಬರುವಂಥದ್ದನ್ನೇ ನಾವು ಕೇಳುತ್ತಿದ್ದೇವಲ್ಲ ಎಂದು ಯಾರೂ ಬೈದುಕೊಳ್ಳಲಿಲ್ಲ. ಮೇಲಿನ ರೊಟ್ಟಿಯ ಲೆಕ್ಕವನ್ನು ಪಕ್ಕದವನ ಹಾಳೆ ನೋಡಿ ಬರೆಯುವುದು ಕಷ್ಟ.

ಈ ಊರಿನ ಮಕ್ಕಳಿಗೆ ಹೀಗಾಗುವುದು ನನಗೆ ಹೆಚ್ಚು ಸಿಟ್ಟು ತರಿಸುತ್ತದೆ, ಏಕೆಂದರೆ ಈ ಊರಿಗೆ ಪ್ರಯೋಗಾಲಯದ ಬರವಿಲ್ಲ. ಮಾರುಕಟ್ಟೆಯ ದಿನ ಬ್ಯಾಡಗಿಗೆ ಬಸ್ಸಿಳಿದರೆ ಸಾಕು, ಘಾಟಿಗೆ ಸೀನು ಬರುತ್ತದೆ. ಆ ಘಾಟು ಯಾವುದು? ಕ್ಯಾಪ್ಸೈಸಿನ್ ಎಂಬ ವಸ್ತು. ಅದು ಹೆಚ್ಚು ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ನಮ್ಮ ನಾಲಗೆಯ, ಮೂಗಿನ, ಚರ್ಮದ ನರಗಳಲ್ಲಿ ಸುಡುವ ಶಾಖವನ್ನು ಗುರುತಿಸುವ ಒಂದು ಬಾಗಿಲಿದೆ, ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತಟ್ಟುತ್ತದೆ. ಅದಕ್ಕೇ ಖಾರಕ್ಕೆ 'ಉರಿ' ಎನ್ನುತ್ತೇವೆ. ಮಿದುಳಿಗೆ ಅದು ನಿಜವಾಗಿಯೂ ಉರಿಯೇ. ಈ ಬಾಗಿಲನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸಂಜೆ ಮನೆಗೆ ಹೋಗಿ ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ, ಬರೀ ನೀರಿನಲ್ಲಿ ತೊಳೆದರೆ ಉರಿ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. 'ದ್ರಾವ್ಯ, ದ್ರಾವಕ, ದ್ರಾವಣ' ಎಂದು ಅವರ ಮಕ್ಕಳು ಶಾಲೆಯಲ್ಲಿ ಉರು ಹೊಡೆಯುತ್ತಿರುವಾಗ ಉದಾಹರಣೆಗೆ ಸಿಗುವುದು ಮಾತ್ರ ಉಪ್ಪು ಮತ್ತು ನೀರು.

ಆದರೆ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಡಬ್ಬಿ ಇರಲಿ ಕಡ್ಡಿ ಇರಲಿ, ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಈ ಗುಣದ ಹೆಸರಿನಲ್ಲೇ. ಆ ಕೆಂಪನ್ನು ಓಲಿಯೊರೆಸಿನ್ ಎಂಬ ಅಂಟು ರಸವಾಗಿ ಹಿಂಡಿ ತೆಗೆದು ಆಹಾರದ ಬಣ್ಣಕ್ಕೂ ಸೌಂದರ್ಯವರ್ಧಕಗಳಿಗೂ ಕಳಿಸುತ್ತಾರೆ. ಕೊಳ್ಳುವವರು ಬಣ್ಣವನ್ನು ಕಣ್ಣಿನಿಂದ ನೋಡಿ ಸುಮ್ಮನಾಗುವುದಿಲ್ಲ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಬಣ್ಣ ಇಳಿದ ಮೇಲೆ ಆ ದ್ರವದ ಮೂಲಕ 460 ನ್ಯಾನೋಮೀಟರಿನ ನೀಲಿ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ಅಳೆಯುತ್ತಾರೆ. ಅದೇ 'ಆಸ್ಟಾ' ಮೌಲ್ಯ. ನೀಲಿಯನ್ನು ನುಂಗುವುದರಿಂದ ಅದು ನಮಗೆ ಕೆಂಪಾಗಿ ಕಾಣುತ್ತದೆ. ಬಿಸಿಲಲ್ಲಿ, ಗಾಳಿಯಲ್ಲಿ ಬಿಟ್ಟರೆ ಬಣ್ಣ ಉತ್ಕರ್ಷಣಗೊಂಡು ಮಾಸುತ್ತದೆ, ತಂಪಿನಲ್ಲಿ ಆ ಕ್ರಿಯೆ ನಿಧಾನವಾಗುತ್ತದೆ. ಬ್ಯಾಡಗಿಯ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜು ಎದ್ದದ್ದಕ್ಕೆ ಕಾರಣ ಇದು. ಬೆಳಕಿನ ಪಾಠ, ಉತ್ಕರ್ಷಣದ ಪಾಠ, ಕ್ರಿಯೆಯ ವೇಗದ ಪಾಠ ಎಲ್ಲ ಆ ಗೋಡೆಗಳ ಒಳಗೆ ಪೇರಿಸಿಟ್ಟಿದೆ. ಹುಡುಗರು ಸೈಕಲ್ಲಿನಲ್ಲಿ ಅದರ ಮುಂದೆಯೇ ಹಾದುಹೋಗುತ್ತಾರೆ.

ಇನ್ನೊಂದು ಲೆಕ್ಕ. ನೂರು ಕೆ.ಜಿ. ಕಾಯಿಯಲ್ಲಿ ಶೇ. 20 ತೇವವಿದೆ. ಅದನ್ನು ಶೇ. 10ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ನಾನು ಕೇಳಿದ ಹದಿನಾಲ್ಕು ಮಕ್ಕಳಲ್ಲಿ ಹದಿಮೂರು ಮಂದಿ 90 ಎಂದರು. ತಪ್ಪು. ಒಣ ಪದಾರ್ಥ 80 ಕೆ.ಜಿ., ಅದು ಒಟ್ಟು ತೂಕದ ಶೇ. 90 ಆಗಬೇಕು, ಆದ್ದರಿಂದ 88.9. ಅಂದರೆ ಒಣಗಿಸಿದ ಕಾಯಿಗೆ ಕಿಲೋಗೆ ಶೇ. 12.5 ಹೆಚ್ಚು ದರ ಸಿಗದಿದ್ದರೆ ಒಣಗಿಸಿದವನಿಗೆ ನಷ್ಟ. ಹಸಿಯಾಗಿಟ್ಟರೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಮಾಲು ತಿರಸ್ಕಾರವಾಗುತ್ತದೆ. ಅಪ್ಪ ಅಂದಾಜಿನಲ್ಲಿ ಮಾಡುವ ಈ ತೀರ್ಮಾನವನ್ನು ಮಗಳು ಪೆನ್ಸಿಲು ಹಿಡಿದು ಮಾಡಬಲ್ಲಳು, ಅಷ್ಟು ಗಣಿತ ಅವಳಿಗೆ ಬರುತ್ತದೆ. ಆದರೆ ಮೆಣಸಿನಕಾಯಿ ಅವಳ ಪುಸ್ತಕದಲ್ಲಿ ಇಲ್ಲ.

2024ರ ಮಾರ್ಚ್ 11ರಂದು ದರ ಕುಸಿತಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಬಿತ್ತು. ವಿಜ್ಞಾನದ ಪಾಠ ಸರಿಯಿದ್ದಿದ್ದರೆ ದರ ಬೀಳುತ್ತಿರಲಿಲ್ಲ ಎನ್ನುವಷ್ಟು ಹುಚ್ಚು ನನಗಿಲ್ಲ. ಆದರೆ ಅಲ್ಲಿ ಒಂದು ಕಡೆಯವರ ಕೈಯಲ್ಲಿ ತೇವದ ಮೀಟರು, ಬಣ್ಣದ ಅಂಕಿ ಇರುತ್ತದೆ. ಇನ್ನೊಂದು ಕಡೆಯವರಿಗೆ ಆ ಅಂಕಿ ಏನೆಂದೇ ಗೊತ್ತಿರುವುದಿಲ್ಲ. ತನ್ನ ಮಾಲಿನ ಬಗ್ಗೆ ಹೇಳುತ್ತಿರುವ ಮಾತು ತನಗೇ ಅರ್ಥವಾಗದೆ ನಿಲ್ಲುವುದು ಅವಮಾನ.

ರಾಣೆಬೆನ್ನೂರಿನ ಕಡೆಗೆ ಹೋದರೆ ಕಥೆ ಇನ್ನೂ ವಿಚಿತ್ರ. ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ 'ಕ್ರಾಸಿಂಗ್' ಸುಗ್ಗಿ ಬಂದಾಗ ಹೆಣ್ಣುಮಕ್ಕಳು ಸಂಜೆ ಹೊತ್ತು ಮರುದಿನ ಅರಳಬೇಕಾದ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತು ಗುರುತು ಕಟ್ಟುತ್ತಾರೆ, ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪುಡಿಯನ್ನು ಇದರ ತುದಿಗೆ ಸವರುತ್ತಾರೆ. ಶಾಲೆ ಬಿಟ್ಟು ಈ ಕೆಲಸಕ್ಕೆ ಹೋಗಿಬಂದ ಹುಡುಗಿಯರು ತರಗತಿಯಲ್ಲಿ ಇರುತ್ತಾರೆ. ಹೋಗಬಾರದಿತ್ತು, ಅದು ಬೇರೆ ದೊಡ್ಡ ಜಗಳ. ಹೋಗಿಬಂದ ಮೇಲೆ ಅವಳಿಗೆ 'ಪರಕೀಯ ಪರಾಗಸ್ಪರ್ಶ ಎಂದರೇನು?' ಎಂಬ ಪ್ರಶ್ನೆಗೆ ಎರಡು ಸಾಲು ಉರು ಹೊಡೆಸುತ್ತೇವೆ. 'ಶಲಾಕಾಗ್ರ' ಎಂಬುದನ್ನು ಅವಳು ಎರಡು ಸಲ ತಪ್ಪು ಬರೆಯುತ್ತಾಳೆ. ದಿನಕ್ಕೆ ನೂರಾರು ಶಲಾಕಾಗ್ರ ಮುಟ್ಟಿದ ಬೆರಳು ಅದು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿ ಕೊಟ್ಟಾಗ ಅದು ದೇಶದಲ್ಲೇ ದೊಡ್ಡ ಸಂಗತಿ, ಮತ್ತು ಅದರ ಬೀಜ ಮಾಡುವುದು ಇಂಥ ಬೆರಳುಗಳ ಮೇಲೆ ನಿಂತಿತ್ತು. ಹೈಬ್ರಿಡ್ ಬೀಜವನ್ನು ಕಟ್ಟಿಟ್ಟು ಮರುವರ್ಷ ಬಿತ್ತಿದರೆ ಬೆಳೆ ಒಂದೇ ಹದಕ್ಕೆ ಬರುವುದಿಲ್ಲ ಎಂದು ಪ್ರತಿ ಮನೆಗೂ ಗೊತ್ತು. ಯಾಕೆ ಬರುವುದಿಲ್ಲ ಎನ್ನುವುದೇ ಮೆಂಡಲನ ಎರಡನೇ ಪೀಳಿಗೆ. ಆದರೆ ನಮ್ಮ ಮಕ್ಕಳು 3:1 ಎಂದು ಬರೆಯುವುದು ಬಟಾಣಿ ಗಿಡಕ್ಕೆ, ಅವರಲ್ಲಿ ಬಹುಪಾಲು ಜನ ಕಣ್ಣಾರೆ ನೋಡಿರದ ಗಿಡಕ್ಕೆ.

ಅಲ್ಲೇ ಪಕ್ಕದಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಆಹಾರ ಸರಪಳಿ ಬರೆ ಎಂದರೆ ಅಲ್ಲಿನ ಮಗುವೂ ಹುಲ್ಲು, ಜಿಂಕೆ, ಹುಲಿ ಎಂದೇ ಬರೆಯುತ್ತದೆ. ಇಲ್ಲಿ ಹುಲಿ ಇಲ್ಲವಲ್ಲ, ತೋಳವಲ್ಲವೇ ಎಂದರೆ ಪುಸ್ತಕ ತೋರಿಸುತ್ತದೆ. ಹುಲ್ಲುಗಾವಲು 'ಪಾಳು ಭೂಮಿ' ಎಂದು ತಿಳಿದು ನೀಲಗಿರಿ ನೆಟ್ಟದ್ದು, ಬಯಲು ಬೇಕಾದ ದೊಡ್ಡ ಎರೆಲಡ್ಡು ಹಕ್ಕಿ ಕಾಣದಂತಾದದ್ದು ಈ ಕಾಡಿನದೇ ಚರಿತ್ರೆ. ಪರಿಸರ ದಿನಕ್ಕೆ ಮಾತ್ರ 'ಗಿಡ ನೆಡಿ' ಪ್ರಬಂಧ.

ಹಾವೇರಿಗೆ ಬಂದರೆ ನನಗೆ 2008ರ ಜೂನ್ 10 ನೆನಪಾಗದೆ ಇರುವುದಿಲ್ಲ. ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋಯಿತು. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಈ ಜಿಲ್ಲೆಯ ಹುಡುಗರಿಗೆ ಡಿಎಪಿ ಎಂಬ ಮೂರು ಅಕ್ಷರ ಗೊತ್ತು. ಚೀಲದ ಮೇಲಿನ 18-46-0 ಏನು ಎಂದು ನನ್ನ ಟ್ಯೂಷನ್ನಿನಲ್ಲಿ ಕೇಳಿದರೆ ಒಬ್ಬರೂ ಹೇಳಲಿಲ್ಲ. 50 ಕೆ.ಜಿ. ಚೀಲದಲ್ಲಿ 9 ಕೆ.ಜಿ. ಸಾರಜನಕ. 46 ಎಂದರೆ ರಂಜಕವಲ್ಲ, ರಂಜಕದ ಪೆಂಟಾಕ್ಸೈಡ್ ಲೆಕ್ಕ, 23 ಕೆ.ಜಿ. ಅದರಲ್ಲಿ ನಿಜವಾದ ರಂಜಕ ಎಷ್ಟು? ಎರಡು ರಂಜಕ 62, ಐದು ಆಮ್ಲಜನಕ 80, ಒಟ್ಟು 142. ಹಾಗಾಗಿ ಸುಮಾರು 10 ಕೆ.ಜಿ. ಇದು ಒಂಬತ್ತನೇ ತರಗತಿಯ ಅಣುರಾಶಿಯ ಲೆಕ್ಕ. ಮಕ್ಕಳು ಅದನ್ನು ಚೆನ್ನಾಗಿಯೇ ಮಾಡುತ್ತಾರೆ, ಆದರೆ ಬೇರೆ ಯಾವುದೋ ವಸ್ತುವಿಗೆ. ಜನ ಪ್ರಾಣ ಕೊಟ್ಟ ವಸ್ತುವಿನೊಳಗೆ ಏನಿದೆ ಎಂಬ ಪ್ರಶ್ನೆಯನ್ನು ಈ ಊರಿನ ತರಗತಿ ಯಾಕೆ ಕೇಳುವುದಿಲ್ಲ?

ಇಲ್ಲಿಗೆ ಬಂದಾಗ ಎರಡು ಕಡೆಯಿಂದ ಉತ್ತರ ಬರುತ್ತದೆ. ಒಂದು, ಎಲ್ಲಕ್ಕೂ ಕನ್ನಡ ಮಾಧ್ಯಮವೇ ಕಾರಣ, ಇಂಗ್ಲಿಷಿಗೆ ಹಾಕಿ. ಪಿಯುಸಿ ವಿಜ್ಞಾನದ ತರಗತಿ ಇಂಗ್ಲಿಷಿನಲ್ಲಿ ನಡೆಯುವುದರಿಂದ ಈ ಮಾತಿಗೆ ತೂಕ ಬಂದಿದೆ. ಕನ್ನಡದಲ್ಲಿ ಓದಿ ಬಂದವರು ಮೊದಲ ಆರು ತಿಂಗಳು ಕಿವುಡರಂತೆ ಕೂರುತ್ತಾರೆ, ನಾನೂ ಕೂತಿದ್ದೇನೆ. ಆದರೆ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ನಾನು ಪಾಠ ಹೇಳಿದೆ. 'ಫೋಟೋಸಿಂಥೆಸಿಸ್' ಎಂದು ಸೊಗಸಾಗಿ ಹೇಳುತ್ತಾರೆ. ಗಿಡದ ತೂಕ ಎಲ್ಲಿಂದ ಬಂತು ಎಂದರೆ ಮಣ್ಣಿನಿಂದ ಎನ್ನುತ್ತಾರೆ. 'ದ್ಯುತಿಸಂಶ್ಲೇಷಣೆ' ಎನ್ನುವವರೂ ಮಣ್ಣಿನಿಂದ ಎಂದೇ ಹೇಳುತ್ತಾರೆ. ಗಾಳಿಯ ಇಂಗಾಲದ ಡೈಆಕ್ಸೈಡು ಮತ್ತು ನೀರೇ ಮೆಣಸಿನ ಗಿಡವಾಗಿ ನಿಂತಿದೆ ಎಂಬ ಬೆರಗು ಇಬ್ಬರಿಗೂ ತಲುಪಿಲ್ಲ.

ಎರಡನೆಯ ಉತ್ತರ ನಮ್ಮವರದು. ಮಾತೃಭಾಷೆಯಲ್ಲಿ ಕಲಿಸಿದರೆ ಎಲ್ಲ ಸರಿಹೋಗುತ್ತದೆ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆಯಿತು. ಕನಕ, ಶರೀಫ, ಸರ್ವಜ್ಞರ ನಾಡು ಎಂದು ನಾವೆಲ್ಲ ಎದೆಯುಬ್ಬಿಸಿದೆವು, ನಾನೂ ಪುಸ್ತಕದ ಮಳಿಗೆಯಲ್ಲಿ ಸಾಲ ಮಾಡಿಕೊಂಡು ಬಂದೆ. ಕನ್ನಡದಲ್ಲೇ ಕಲಿಯಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಯಾವ ಕನ್ನಡದಲ್ಲಿ? ಈಗಿನ ಪ್ರೌಢಶಾಲೆಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಅನುವಾದ. ಮೂಲ ಪುಸ್ತಕ ಕೆಟ್ಟದ್ದಲ್ಲ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವ ಮಾತು ಅದರಲ್ಲೂ ಇದೆ. ಆದರೆ ಅನುವಾದದಲ್ಲಿ ಅದು 'ಸೂಚಕ', 'ಪ್ರತ್ಯಾಮ್ಲ' ಎಂದು ಹೋಗಿ ಪರೀಕ್ಷೆಗೆ ಒಂದು ಸಾಲಾಗಿ ನಿಲ್ಲುತ್ತದೆ. ಹೊಸ ಸೊಸೆಗೆ ಹೊಸ್ತಿಲಲ್ಲಿ ಎತ್ತುವ ಕೆಂಪು ಆರತಿ ನೀರು ಅರಿಶಿನಕ್ಕೆ ಸುಣ್ಣ ಕದಡಿದ್ದು, ಅದಕ್ಕೆ ಲಿಂಬೆ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ ಎಂದು ತೋರಿಸಿದ ದಿನ ನನ್ನ ಖೋಲಿಯಲ್ಲಿ ಗದ್ದಲವೋ ಗದ್ದಲ. ಪಾರಿಭಾಷಿಕ ಪದ ಬೇಡ ಎಂದಲ್ಲ. ಪದ ಕೊನೆಗೆ ಬರಲಿ. ಸಂಗತಿ ಕಂಡು, ಅದಕ್ಕೊಂದು ಹೆಸರು ಬೇಕು ಎನಿಸಿದಾಗ 'ಪ್ರತ್ಯಾಮ್ಲ' ಎಂದರೂ ಮಗುವಿಗೆ ಭಾರವಾಗುವುದಿಲ್ಲ.

ಮೂರನೆಯವರೂ ಒಬ್ಬರಿದ್ದಾರೆ. ಇವರು ಇಷ್ಟು ಓದಿ ಖುಷಿಪಡುತ್ತಿರುತ್ತಾರೆ: ನೋಡಿ, ನಮ್ಮ ಅಜ್ಜಿಯರಿಗೆ ಎಲ್ಲ ಗೊತ್ತಿತ್ತು! ಇಲ್ಲ, ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದರೆ ಉರಿ ಹೋಗುತ್ತದೆ ಎಂದು ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಆ 'ಯಾಕೆ' ಗೊತ್ತಾದವನು ಓಲಿಯೊರೆಸಿನ್ ಕಾರ್ಖಾನೆ ಹಾಕುತ್ತಾನೆ, ಗೊತ್ತಿಲ್ಲದವರು ಅದಕ್ಕೆ ತೊಟ್ಟು ಬಿಡಿಸಿ ಕೊಡುತ್ತಾರೆ. ನಮ್ಮ ನೆಲದ ಹೆಮ್ಮೆ ಎಂದು ಕೂಗುವ ಮೆಣಸಿನಕಾಯಿ ಕೂಡ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದು.

ಇದನ್ನೆಲ್ಲ ಕನ್ನಡದಲ್ಲಿ ಹೇಳುವವರಿರಲಿಲ್ಲವೇ? ಇದ್ದರು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. 1936ರ ಹೊತ್ತಿಗೆ ಕಾರಂತರು ಒಬ್ಬರೇ ಕೂತು 'ಬಾಲ ಪ್ರಪಂಚ' ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ನಮ್ಮ ಅಡುಗೆಮನೆಯ ಬೆಳೆಗಳ ಜಾತಕವನ್ನೇ ಬಿಚ್ಚಿಟ್ಟಿತು. ನಾವು, ಸಾಹಿತ್ಯದವರು, ಏನು ಮಾಡಿದೆವು? ಸ್ವಾಮಿಯವರನ್ನು ಲಲಿತ ಪ್ರಬಂಧದ ಕಪಾಟಿಗೆ ಸೇರಿಸಿದೆವು. ಅವರ ಹಾಸ್ಯದ ಮೇಲೆ ಸೆಮಿನಾರು ಮಾಡಿದೆವು, ಸಸ್ಯಶಾಸ್ತ್ರವನ್ನು ಪಕ್ಕಕ್ಕಿಟ್ಟೆವು. ನನ್ನದೇ ಎಂ.ಎ. ತರಗತಿಯಲ್ಲಿ ವಿಜ್ಞಾನ ಸಾಹಿತ್ಯ ಎಂದರೆ ಪ್ರಶ್ನೆಪತ್ರಿಕೆಯ ಕೊನೆಯ ಐದು ಅಂಕದ ಟಿಪ್ಪಣಿ. ಬಂಡಾಯ, ದಲಿತ, ಸ್ತ್ರೀವಾದಿ ಎಂದು ದುಡಿಮೆಯ ಬಗ್ಗೆ ಇಷ್ಟು ಬರೆದ ನಾವು, ಹಮಾಲನ ಮಗನಿಗೆ ಅಪ್ಪನ ದುಡಿಮೆ ಸೊನ್ನೆ ಎಂದು ಹೇಳಿಕೊಡುವ ಪಠ್ಯವನ್ನು ಒಮ್ಮೆಯಾದರೂ ತೆರೆದು ನೋಡಿದ್ದೇವೆಯೇ? ಅದು ನಮ್ಮ ಇಲಾಖೆಯಲ್ಲ ಎಂದುಕೊಂಡೆವು.

ಮಾಡಬಹುದಾದದ್ದು ದೊಡ್ಡದೇನಲ್ಲ. ಜಿಲ್ಲೆಗೊಂದು ಡಯಟ್ ಇದೆ, ಹಾವೇರಿಯಲ್ಲೂ ಇದೆ. ಪಠ್ಯಪುಸ್ತಕ ಬದಲಿಸಬೇಕಾಗಿಲ್ಲ, ಅದರ ಪಕ್ಕದಲ್ಲಿಡಲು ನಲವತ್ತು ಪುಟದ ಒಂದು ಕಿರುಪುಸ್ತಕ ಸಾಕು: ಚೀಲ, ಮೆಣಸಿನಕಾಯಿ, ಡಿಎಪಿ, ಕ್ರಾಸಿಂಗ್, ಬೇಸಿಗೆಯಲ್ಲಿ ಬಿರಿಯುವ ಎರೆ ಹೊಲ, ತೋಳ. ಹತ್ತು ಜನ ಶಿಕ್ಷಕರು, ಇಬ್ಬರು ಕೃಷಿ ಪದವೀಧರರು, ಕನ್ನಡ ಚೆನ್ನಾಗಿ ಬರೆಯಬಲ್ಲ ಮೂವರು ಕೂತರೆ ಒಂದು ಬೇಸಿಗೆಯ ಕೆಲಸ. ಪರೀಕ್ಷೆಯಲ್ಲಿ ಅದರಿಂದ ಒಂದೇ ಒಂದು ಪ್ರಶ್ನೆ ಬಂದರೂ ಸಾಕು, ಶಾಲೆಗಳು ತಾವಾಗಿಯೇ ಓದಿಸುತ್ತವೆ. ಪ್ಯಾಕೇಜಿನ ತರ್ಕವನ್ನೇ ನಾನೂ ಬಳಸುತ್ತಿದ್ದೇನೆ, ನಾಚಿಕೆಯಿಲ್ಲ.

ಆ ಹುಡುಗನಿಗೆ ರೊಟ್ಟಿಯ ಲೆಕ್ಕ ಹೇಳಿದ್ದು ಎರಡು ವಾರದ ಮೇಲೆ. ಲೆಕ್ಕ ತಲೆಗೆ ಬರಲು ನನಗೇ ಅಷ್ಟು ದಿನ ಬೇಕಾಯಿತು. ಅವನು ನೋಟಿನಲ್ಲಿ ಎಲ್ಲ ಬರೆದುಕೊಂಡು, ಕೊನೆಗೆ ತಲೆಯೆತ್ತಿ, "ಚೀಲ ಕೆಳಗ ಇಳಸೂ ಮುಂದನೂ ಅಪ್ಪಗ ಸುಸ್ತ ಅಕ್ಕೈತಲ್ರೀ ಸರ, ಅದಕ್ಕೆಷ್ಟ ರೊಟ್ಟಿ?" ಎಂದ. ನನಗೆ ಗೊತ್ತಿರಲಿಲ್ಲ. ನಾಳೆ ನೋಡಿ ಹೇಳ್ತೀನಿ ಎಂದೆ.